ಎತ್ತಿ ಹೊಯ್ದ ದ್ರಾಕ್ಷಾರಸ

ಸುಗುಣಮ್ಮನ ಬಾಯಿಗೆ ಹೆದರದವರು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಯಾರೂ ಇರಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಹೆಂಗಸು, ಗಂಡ ಸತ್ತು ಒಂಬತ್ತು ವರ್ಷ. ಹಣ್ಣು ಹಿಸುಕಿ ನೋಡುವ ಗಿರಾಕಿಗೆ, "ನಿನ್ನ ಗಲ್ಲ ಹಿಂಗೇ ಹಿಚುಕಿ ನೋಡ್ಲೇನು?" ಎಂದು ಮುಖದ ಮೇಲೇ ಕೇಳಿಬಿಡುವವಳು. ಅಂಥವಳು ೧೯೯೪ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಗಿರಾಕಿ ಎದುರಿಗೆ ನಿಂತಿರುವಾಗಲೇ, ಗೊನೆ ಕೊಯ್ಯುವ ಕುಡುಗೋಲು ಹಿಡಿದು ಬುಟ್ಟಿ ದಾಟಿ ಓಡಿದಳು.

ಆಟೋ ಓಡಿಸುವ ಚಾಂದಪಾಶಾ ಬಂದು ಹೇಳಿದ್ದು ಇಷ್ಟೇ. "ಅಕ್ಕಾ, ಜಲ್ದಿ ಏಳು. ಸ್ಟೇಶನ್ ಬಜಾರದಾಗ ರೂಬೇನಗ ಕೆಡವಿ ಹೊಡ್ಯಾಕತ್ತಾರ. ಹೊಡ್ಯಾವರು ನಿಮ್ಮ ಚರ್ಚಿನ ಮಂದೀನೇ."

ರೂಬೇನ ಅವಳ ತಮ್ಮ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಅಂದಿನಿಂದ ಉಣ್ಣಿಸಿ, ತೊಡಿಸಿ, ಬೈದು, ಬಡಿದು ಬೆಳೆಸಿದವಳು ಅವಳೇ. ಈಗ ಅವನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಗಾರ. ರವಿವಾರ ಬಂದರೆ ಮೊದಲನೇ ಬಸ್ಸಿಗೆ ಕಮಲಾಪುರಕ್ಕೆ ಹೋಗಿ ಚರ್ಚಿನಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ. ಆ ಊರಲ್ಲಿ ಅವನು ಪೇಟಿ ಹಿಡಿದರೆ ಹಾಡಲು ಬಾರದವರಿಗೂ ಹಾಡು ಬರುತ್ತಿತ್ತು.

ಸ್ಟೇಶನ್ನಿನ ಹಿಂದಿನ ಗೋದಾಮಿನ ಮಗ್ಗುಲಲ್ಲಿ ಅವನು ಬೋರಲು ಬಿದ್ದಿದ್ದ. ಅಂಗಿ ಹರಿದು ಬೆನ್ನ ಮೇಲೆ ಬೆಲ್ಟಿನ ಬರೆ ಎದ್ದಿದ್ದವು. ಮೂವರು ಹಮಾಲರು ಕಾಲು ಒತ್ತಿ ಹಿಡಿದಿದ್ದರು. ನಾಲ್ಕನೆಯವನು ಇಸ್ರೇಲಪ್ಪ, ಹಮಾಲರ ಮುಖ್ಯಸ್ಥ, ಚರ್ಚಿನ ಹಿರಿಯ, ಮೇಲಾಗಿ ಸುಗುಣಮ್ಮನ ಗಂಡನ ಸ್ವಂತ ಅಣ್ಣ. ಅವನು ರೂಬೇನನ ಬಲಗೈ ಮೇಲೆ ಬೂಟುಗಾಲು ಊರಿ ನಿಂತಿದ್ದ.

"ಈ ಕೈಲೇ ದೇವರ ಪೇಟಿ ಬಾರಿಸ್ತಿ ಏನಲೇ? ಈ ಕೈಲೇ?" ಎನ್ನುತ್ತಾ ಹಿಮ್ಮಡಿ ತಿರುವಿದ. ಬೆರಳು ಮುರಿದ ಸಪ್ಪಳ ಸುಗುಣಮ್ಮನಿಗೆ ಆಟೋ ಇಳಿಯುತ್ತಲೇ ಕೇಳಿಸಿತು.

ಅವಳು ಏನೂ ಕೇಳಲಿಲ್ಲ. ಹೋದವಳೇ ಭಾವನ ಮುಂಗೈಗೆ ಕುಡುಗೋಲು ಎಳೆದಳು. ರಕ್ತ ಚಿಲ್ಲೆಂದು ಅವಳ ಸೀರೆಗೇ ಹಾರಿತು. ಇಸ್ರೇಲಪ್ಪ ಕೈ ಹಿಡಿದುಕೊಂಡು ಹಿಂದೆ ಸರಿದ. ಉಳಿದ ಮೂವರೂ ರೂಬೇನನ ಕಾಲು ಬಿಟ್ಟು ಎದ್ದರು.

"ಮುಂದ ಬರ್ರಿ. ಒಬ್ಬೊಬ್ಬರದೂ ಕರುಳು ತೆಗೀತೀನಿ," ಎಂದಳು. ಹಾಗೆನ್ನುವಾಗ ಅವಳ ಧ್ವನಿ ಸ್ವಲ್ಪವೂ ಏರಿರಲಿಲ್ಲ, ಅದಕ್ಕೇ ಅವರು ಬರಲಿಲ್ಲ.

"ಮೊದಲ ನಿನ್ನ ತಮ್ಮ ಏನು ಮಾಡ್ಯಾನ ಕೇಳು," ಇಸ್ರೇಲಪ್ಪ ಹಲ್ಲು ಕಚ್ಚಿ ಹೇಳಿದ. "ಲಾಡ್ಜಿನಾಗ ಸಿಕ್ಕಾನ. ಪೋಸ್ಟಾಫೀಸಿನ ಬಂಡೂನ ಜೋಡಿ. ಒಂದೇ ಹಾಸಿಗ್ಯಾಗ." ಆಮೇಲೆ ಒಂದು ಬೈಗುಳ ಅಂದ, ಅದನ್ನು ಇಲ್ಲಿ ಬರೆಯುವುದು ಬೇಡ.

ಬಂಡೂನನ್ನು ಅವರು ಎರಡೇ ಏಟು ಹಾಕಿ ಬಿಟ್ಟಿದ್ದರು. ಅವನು ದೊಡ್ಡ ಮನೆತನದವನು, ಅವನ ಮೈ ಮುಟ್ಟಿದರೆ ಪೊಲೀಸರು ಬರುತ್ತಾರೆ. ರೂಬೇನ ತಮ್ಮ ಜನದವನೇ, ಹೊಡೆದರೆ ಕೇಳುವವರಿಲ್ಲ ಎಂಬುದು ಅವರ ಲೆಕ್ಕಾಚಾರ. ಬಂಡು ಅಂದೇ ಸಂಜೆಯ ರೈಲು ಹತ್ತಿ ಸೊಲ್ಲಾಪುರದ ಮಾವನ ಮನೆಗೆ ಹೋದ. ಆಮೇಲೆ ಅವನಿಂದ ಒಂದು ಕಾರ್ಡೂ ಬರಲಿಲ್ಲ.

ಆಸ್ಪತ್ರೆಯಲ್ಲಿ ರೂಬೇನನ ಮೂರು ಬೆರಳಿಗೆ ಪಟ್ಟಿ ಕಟ್ಟಿದರು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಸುಗುಣಮ್ಮ ಮೂರು ದಿನ ಮಂಚದ ಪಕ್ಕ ಕೂತು ಗಂಜಿ ಕುಡಿಸಿದಳು. ನಾಲ್ಕನೇ ದಿನ ಕೇಳಿದಳು.

"ಖರೇ ಏನು ಅವ ಅಂದದ್ದು?"

"ಖರೇ ಅಕ್ಕಾ."

ಅವಳು ಫಟ್ಟನೆ ಅವನ ಕೆನ್ನೆಗೆ ಹೊಡೆದಳು. ಪಟ್ಟಿ ಕಟ್ಟಿಕೊಂಡು ಮಲಗಿದವನಿಗೆ ಹೊಡೆದೆನಲ್ಲಾ ಎಂದು ಮರುಗಳಿಗೆಯೇ ಅದೇ ಕೆನ್ನೆ ಸವರಿದಳು. ಸಿಟ್ಟಿತ್ತು, ನಾಚಿಕೆ ಇತ್ತು, ಇವನನ್ನು ಸಾಯಿಸಿಬಿಡುತ್ತಿದ್ದರಲ್ಲಾ ಎಂಬ ಭಯ ಎಲ್ಲಕ್ಕಿಂತ ದೊಡ್ಡದಿತ್ತು. ಮೂರೂ ಸೇರಿ ಅಳುವಾಗಿ ಬಂದವು.

"ಮದಿವಿ ಮಾಡ್ತೀನಿ ನಿನಗ. ಈ ವರ್ಷಾನೇ."

"ಯಾವದೋ ಹುಡುಗಿ ಬಾಳುವೆ ಯಾಕ ಹಾಳ ಮಾಡ್ತಿ? ಆಕಿ ನಿನಗೇನು ಮಾಡ್ಯಾಳ?" ಎಂದ ರೂಬೇನ. ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸಿ ಹೇಳಿದ, "ಪೇಟಿ ಹೋತು, ಹೋಗಲಿ. ನನಗ ಬಟ್ಟಲು ಬೇಕಕ್ಕಾ. ಅದೊಂದು ತಪ್ಪಿಸಬ್ಯಾಡ್ರಿ."

ಬಟ್ಟಲು ಎಂದರೆ ಪ್ರಭು ಭೋಜನದ ಬಟ್ಟಲು. ಕಮಲಾಪುರದ ಆ ಸಣ್ಣ ಚರ್ಚಿನಲ್ಲಿ ತಿಂಗಳ ಮೊದಲನೇ ರವಿವಾರ ಎಲ್ಲರೂ ಸಾಲಾಗಿ ಮೊಣಕಾಲೂರುತ್ತಾರೆ. ಕಪ್ಪು ಒಣದ್ರಾಕ್ಷಿ ಕುದಿಸಿ ಸೋಸಿದ ರಸವನ್ನು ಒಂದೇ ಬೆಳ್ಳಿ ಬಟ್ಟಲಿನಿಂದ ಒಬ್ಬರ ಹಿಂದೊಬ್ಬರು ಗುಟುಕು ಗುಟುಕಾಗಿ ಕುಡಿಯುತ್ತಾರೆ. ಮುದುಕರು, ಬಸುರಿಯರು, ಹಲ್ಲು ಹುಳುಕಾದವರು, ಎಲ್ಲರ ಬಾಯಿಗೂ ಅದೇ ಬಟ್ಟಲು. ಸಾಲಾಗಿ ಮೂರು ತಿಂಗಳು ಬಟ್ಟಲು ತಪ್ಪಿದವನ ಹೆಸರನ್ನು ಸಭೆಯ ಪಟ್ಟಿಯಿಂದ ಹೊಡೆದುಹಾಕುವುದು ಅಲ್ಲಿನ ನೇಮ. ಹೆಸರು ಹೋದವನಿಗೆ ಅವರ ಮನೆಗಳ ಹೊಸ್ತಿಲಿಲ್ಲ, ಸತ್ತರೆ ಅವರ ಮಣ್ಣಿಲ್ಲ. ಅಪ್ಪ ಅವ್ವ ಇಬ್ಬರೂ ಆ ಮಣ್ಣಿನಲ್ಲೇ ಮಲಗಿದ್ದರು.

ಏಪ್ರಿಲ್ ತಿಂಗಳ ಮೊದಲನೇ ರವಿವಾರ ರೂಬೇನ ಆಸ್ಪತ್ರೆಯಲ್ಲಿದ್ದ. ಅದೊಂದು ತಪ್ಪಿತು. ಮೇ ತಿಂಗಳಲ್ಲಿ ಅಕ್ಕ ತಮ್ಮ ಇಬ್ಬರೂ ಬಸ್ಸಿಳಿದು ಚರ್ಚಿನ ಬಾಗಿಲ ತನಕ ಹೋದರು. ಅಲ್ಲಿ ಹಮಾಲರು ಅಡ್ಡ ನಿಂತಿದ್ದರು. ಒಬ್ಬ ರೂಬೇನನ ಎದೆಗೆ ಕೈ ಹಚ್ಚಿ ನೂಕಿದ, ಇನ್ನೂ ಕೂಡದಿದ್ದ ಪಕ್ಕೆಲುಬಿನ ಮೇಲೆ. ಅವನು ಮೆಟ್ಟಿಲ ಮೇಲಿಂದ ಕೆಳಗೆ ಉರುಳಿದ. ಸುಗುಣಮ್ಮ ನೂಕಿದವನ ಕಿವಿ ಕಚ್ಚಿ ಹಿಡಿದಳು. ಅವನು ಕಿರುಚಿಕೊಂಡ. ಎಲ್ಲಿಂದಲೋ ಬಂದ ಕಲ್ಲು ಅವಳ ಹಣೆಗೆ ತಾಗಿ ಕಣ್ಣಿಗೆ ರಕ್ತ ಇಳಿಯಿತು. ಒಳಗೆ ಪೇಟಿಯಿಲ್ಲದೆ ಸೊಟ್ಟಸೊಟ್ಟ ಹಾಡುತ್ತಿದ್ದರು. ಹಾಡು ನಿಲ್ಲಲಿಲ್ಲ.

ಉಳಿದದ್ದು ಜೂನ್ ಒಂದೇ.

ಪಾಸ್ಟರ್ ಸತ್ಯಾನಂದ ಬೀದರ ಕಡೆಯ ಮನುಷ್ಯ, ಬಂದು ವರ್ಷ ತುಂಬಿರಲಿಲ್ಲ. ಜಗಳ ಕಂಡರೆ ಬೆವರುವ ಪ್ರಾಣಿ. ಆದರೆ ಅವನು ಕೆಟ್ಟವನಲ್ಲ. ರೂಬೇನನನ್ನು ನೋಡಲು ಆಸ್ಪತ್ರೆಗೆ ಬಂದ ಸಭೆಯವನು ಅವನೊಬ್ಬನೇ. ಸುಗುಣಮ್ಮ ಹೋಗಿ ಅವನ ಮನೆಯ ಅಂಗಳದಲ್ಲಿ ಕೂತುಬಿಟ್ಟಳು. "ಫೈಸಲಾ ಆಗೂ ತನಕ ಏಳಾಂಗಿಲ್ಲ. ನೀರೂ ಮುಟ್ಟಾಂಗಿಲ್ಲ," ಎಂದಳು. ಸಂಜೆಯೊಳಗೆ ಪಾಸ್ಟರ್ ಹಿರಿಯರನ್ನು ಕೂಡಿಸಿದ.

ಮುಂಗೈಗೆ ಹೊಲಿಗೆ ಬಿದ್ದಿದ್ದ ಇಸ್ರೇಲಪ್ಪ ಅವಳತ್ತ ನೋಡದೆ ಮಾತಾಡಿದ. ಪೊಲೀಸರ ಹತ್ತಿರ ಇಬ್ಬರೂ ಹೋಗಿರಲಿಲ್ಲ. ಮನೆ ಜಗಳ ಚೌಕಿಗೆ ಹೋದರೆ ಇಜ್ಜತ್ ಹೋಗುತ್ತದೆ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

"ಬಸ್ ಸ್ಟ್ಯಾಂಡಿನಾಗ ಬೋರ್ಡ್ ಹಚ್ಚ್ಯಾರ, ನೋಡೀರಿಲ್ಲ? ಏಡ್ಸ್ ಅಂತ. ಇಂಥಾವರಿಗೇ ಬರೂದು ಅದು. ಅವನ ಬಾಯಿ ಬಟ್ಟಲಿಗಿ ತಾಕಿದ್ರ ಒಬ್ಬರೂ ಕುಡ್ಯಾಂಗಿಲ್ಲ. ನಾನಂತೂ ಕುಡ್ಯಾಂಗಿಲ್ಲ."

"ರಕ್ತ ತಪಾಸ ಮಾಡ್ಯಾರ. ಅವನಿಗೇನೂ ಇಲ್ಲ. ಇದ್ರೂ ಬಟ್ಟಲಿನಿಂದ ಬರೂದಿಲ್ಲಂತ ಡಾಕ್ಟರೇ ಅಂದಾರ," ಎಂದಳು ಸುಗುಣಮ್ಮ.

"ಡಾಕ್ಟರಿಗೇನು, ಅವ ಕುಡೀತಾನೇನು ನಮ್ಮ ಜೋಡಿ?"

ಮಾತು ಅಲ್ಲೇ ಸುತ್ತತೊಡಗಿತು. ಬೇರೆ ಲೋಟದಲ್ಲಿ ಕೊಡಿ ಎಂದರು ಒಬ್ಬರು. ಬಟ್ಟಲು ಒಂದೇ ಇರಬೇಕು, ಅದು ಸಭೆ ಕಟ್ಟಿದ ದಿನದ ನೇಮ, ಅದನ್ನು ಮುರಿಯಲಾರೆ ಎಂದ ಪಾಸ್ಟರ್. ಹಾಗೆನ್ನುತ್ತಿದ್ದವನಿಗೆ ಏನೋ ಹೊಳೆದು ಮುಖ ಅರಳಿತು.

"ಬಟ್ಟಲು ಅದೇ ಇರಲಿ. ಅವನ ಬಾಯಿಗಿ ಹಚ್ಚೂದು ಬ್ಯಾಡ. ಅವ ಬೊಗಸಿ ಒಡ್ಡಲಿ, ನಾ ಮ್ಯಾಲಿನಿಂದ ಎತ್ತಿ ಹೊಯ್ತೀನಿ. ಭೋಜನಾನೂ ಆತು, ತಾಕೂದೂ ಇಲ್ಲ."

ಕೂತವರೆಲ್ಲ ಹೌದಲ್ಲಾ ಎಂದರು. ಇಸ್ರೇಲಪ್ಪ ಗಡ್ಡ ಕೆರೆದುಕೊಂಡು, "ಎಲ್ಲರದೂ ಆದ ಮ್ಯಾಲ, ಕಡೀಕ," ಎಂದ. ಸುಗುಣಮ್ಮ ಹಟ ಹಿಡಿದು ಇನ್ನೊಂದು ಮಾತು ಸೇರಿಸಿದಳು. "ಕಡೀಕಾದ್ರೂ ಆಗಲಿ. ಆದ್ರ ಎಲ್ಲರ ಎದರಿಗಿ ಹೊಯ್ಬೇಕು, ಮೂಲ್ಯಾಗಲ್ಲ." ಅದಕ್ಕೂ ಒಪ್ಪಿದರು. ಗೆದ್ದೆ ಎಂದುಕೊಂಡು ಅವಳು ಎದ್ದಳು. ಪಾಸ್ಟರನ ಹೆಂಡತಿ ಕೊಟ್ಟ ಚಹಾ ಕುಡಿದಳು. ಜೂನ್ ತಿಂಗಳ ರಸಕ್ಕೆ ಒಣದ್ರಾಕ್ಷಿ ತಾನೇ ತರುತ್ತೇನೆ ಎಂದೂ ಹೇಳಿ ಬಂದಳು. ಎತ್ತಿ ಹೊಯ್ಯುವುದೆಂದರೆ ಏನೆಂದು ಆ ಅಂಗಳದಲ್ಲಿ ಕೂತ ಒಬ್ಬರಿಗೂ ನೆನಪಾಗಲಿಲ್ಲ. ಅವರ ಅಜ್ಜಂದಿರಿದ್ದಿದ್ದರೆ ಅಲ್ಲೇ ಎದ್ದು ಉಗುಳುತ್ತಿದ್ದರು.

ರೂಬೇನನಿಗೆ ಹೇಳಿದಾಗ ಅವನು, "ನೀ ಒಪ್ಪಿದೇನಕ್ಕಾ?" ಎಂದು ಕೇಳಿದ. ಒಪ್ಪಿದೆ ಎಂದಳು. "ಆಗಲಿ," ಎಂದ.

ಜೂನ್ ತಿಂಗಳ ಮೊದಲನೇ ರವಿವಾರ ಚರ್ಚು ಕಿಕ್ಕಿರಿದಿತ್ತು. ಭೋಜನಕ್ಕಿಂತ ತಮಾಷೆ ನೋಡಲು ಬಂದವರೇ ಹೆಚ್ಚು. ಮುಂದುಗಡೆ ಕಂಬಕ್ಕೆ ಒರಗಿ ಸಾರಮ್ಮ ಕೂತಿದ್ದಳು. ಇಸ್ರೇಲಪ್ಪನ ತಾಯಿ, ಸುಗುಣಮ್ಮನ ಅತ್ತೆ, ಎಂಬತ್ತು ದಾಟಿದ ಮುದುಕಿ. ಕಣ್ಣು ಹೋಗಿ ಐದಾರು ವರ್ಷವಾಗಿತ್ತು, ಊರಿನ ಜಗಳವನ್ನು ಮನೆಯವರು ಅವಳ ಕಿವಿಗೆ ಹಾಕಿರಲಿಲ್ಲ. ಸುಗುಣಮ್ಮ ಅವಳ ಪಕ್ಕದಲ್ಲೇ ಕೂತಳು.

ಎಲ್ಲರದೂ ಆಯಿತು. ಸಾರಮ್ಮನದೂ ಆಯಿತು, ಸುಗುಣಮ್ಮನದೂ ಆಯಿತು. ಆಮೇಲೆ ಬಾಗಿಲ ಬಳಿ ನಿಂತಿದ್ದ ರೂಬೇನನನ್ನು ಕರೆದರು. ಅವನು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಮೊಣಕಾಲೂರಿ ಬೊಗಸೆ ಒಡ್ಡಿದ. ಮುರಿದ ಬೆರಳುಗಳು ಸೊಟ್ಟಗೆ ಕೂಡಿದ್ದವು, ಬೊಗಸೆ ಸರಿಯಾಗಿ ಮುಚ್ಚಲಿಲ್ಲ. ಪಾಸ್ಟರ್ ಬಟ್ಟಲನ್ನು ಒಂದು ಮೊಳ ಮೇಲೆ ಹಿಡಿದು ಬಗ್ಗಿಸಿದ. ರಸ ಬೊಗಸೆಗೆ ಬಿದ್ದು ಸೊಟ್ಟ ಬೆರಳಿನ ಸಂದಿಯಿಂದ ಅಷ್ಟೂ ಸೋರಿತು, ಅಂಗಿ ತೊಯ್ದು ಕಲ್ಲುಹಾಸಿನ ಮೇಲೆ ಹರಿಯಿತು. ರೂಬೇನ ಬಾಯಿ ಬಗ್ಗಿಸುವಷ್ಟರಲ್ಲಿ ಕೈ ಬರಿದಾಗಿತ್ತು. ಅವನು ಒದ್ದೆ ಅಂಗೈ ನೆಕ್ಕಿದ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು.

ಸುಗುಣಮ್ಮನಿಗೆ ಆಗ ಕಾಣಿಸಿತು, ತಾನು ಹಟ ಮಾಡಿ ತಂದುಕೊಟ್ಟದ್ದು ಏನೆಂದು.

"ಅದೇನು ಸಪ್ಪಳ?" ಸಾರಮ್ಮ ತಲೆ ಎತ್ತಿದಳು. "ಯಾರಿಗಿ ಎತ್ತಿ ಹೊಯ್ಯಾಕತ್ತಾರ?"

ಸುಗುಣಮ್ಮನೇ ಹೇಳಿದಳು. "ರೂಬೇನಗ ಅತ್ತಿ. ಅವನ ಬಾಯಿ ಬಟ್ಟಲಿಗಿ ಹಚ್ಚಬಾರದಂತ. ಅವ ಗಂಡಸರ ಕೂಡ ಇರ್ತಾನಂತ. ನಿನ್ನ ಮಗ ಅವನ ಕೈ ಮುರದಾನ."

ಮುದುಕಿ ಕೋಲು ಊರಿ ಎದ್ದು ನಿಂತಳು. "ನಮ್ಮಪ್ಪ ಈ ಊರ ಗೌಡರ ಬಾವಿ ಮುಂದ ಹಿಂಗೇ ಬೊಗಸಿ ಒಡ್ಡಿ ಕುಂದರ್ತಿದ್ದ. ಮ್ಯಾಲಿನಿಂದ ಹೊಯ್ತಿದ್ರು. ಆ ಸಪ್ಪಳ ನನಗ ಗೊತ್ತದ. ಒಂದಿನ ನೀರಡಿಕಿ ತಾಳದ ಬಾಯಿ ಮ್ಯಾಲೆತ್ತಿದ, ತುಟಿ ಕೊಡಕ್ಕ ತಾಕ್ತು. ಹಲ್ಲು ಉದುರೂ ತನಕ ಹೊಡದ್ರು ಅವನಿಗಿ. ನಾ ನೋಡೀನಿ. ಅದೇ ವರ್ಷ ನಾವೆಲ್ಲಾ ಇಲ್ಲಿಗಿ ಬಂದಿವಿ. ಯಾಕ ಬಂದಿವಿ ಅನ್ಕೊಂಡೀರಿ? ದೇವರಂದ್ರ ಏನು ನಮಗೇನು ಗೊತ್ತಿತ್ತು? ನಮ್ಮಪ್ಪನ ಮುರುಕು ಬಾಯಿಗಿ ಈ ಬಟ್ಟಲು ಹಚ್ಚಿ ಕೊಟ್ರು. ಅದಕ್ಕ ಬಂದಿವಿ." ಅಷ್ಟು ಹೇಳಿ ಧ್ವನಿ ಇಳಿಸಿ ಕೇಳಿದಳು, "ಇಸ್ರೇಲಾ, ಎಲ್ಲಿದ್ದಿ?"

"ಇಲ್ಲೇ ಅದೀನವ್ವ," ಎಂದ ಇಸ್ರೇಲಪ್ಪ, ಅಭ್ಯಾಸಬಲದಿಂದ.

ಧ್ವನಿ ಬಂದ ದಿಕ್ಕಿಗೆ ಅವಳು ಕೋಲು ಬೀಸಿದಳು. ಕೋಲಿನ ಗಂಟು ಅವನ ಹಣೆ ಸೀಳಿತು. ಇನ್ನೊಂದು ಬೀಸಿದಳು, ಅದು ಕಿವಿ ಮೇಲೆ ಬಿತ್ತು. ಸ್ಟೇಶನ್ನಿನಲ್ಲಿ ಎರಡೆರಡು ಚೀಲ ಹೊರುವ ಆಳು ತಲೆ ಹಿಡಿದುಕೊಂಡು ಕುಸಿದ, ತಾಯಿಯ ಮೇಲೆ ಕೈ ಎತ್ತಲಿಲ್ಲ. ಆದರೆ ಅವನ ಹಮಾಲರು ಸುಮ್ಮನಿರಲಿಲ್ಲ. ಇದಕ್ಕೆಲ್ಲ ನೀನೇ ಕಾರಣ ಎಂದು ರೂಬೇನನ ಮೇಲೆ ಬಿದ್ದರು. ಒಬ್ಬ ಹೊಟ್ಟೆಗೆ ಒದ್ದ, ಇನ್ನೊಬ್ಬ ಕೂದಲು ಹಿಡಿದು ತಲೆಯನ್ನು ಕಲ್ಲುಹಾಸಿಗೆ ಜಜ್ಜಿದ. ಸುಗುಣಮ್ಮ ಕಾಣಿಕೆಯ ಹಿತ್ತಾಳೆ ತಟ್ಟೆ ಎತ್ತಿಕೊಂಡು ಕೈಗೆ ಸಿಕ್ಕ ಮುಖಕ್ಕೆಲ್ಲ ಬಾರಿಸಿದಳು. ಒಬ್ಬನ ಹಲ್ಲು ಹೋಯಿತು. ಯಾರೋ ಅವಳ ಜಡೆ ಹಿಡಿದೆಳೆದರು, ಬೆಂಚು ಮಗುಚಿತು, ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಗೋಡೆಗೆ ಒತ್ತಿ ನಿಂತರು. ಪ್ರಾರ್ಥನೆಯ ಮನೆ ಐದು ನಿಮಿಷ ಕುಸ್ತಿಯ ಅಖಾಡವಾಯಿತು.

ಬಟ್ಟಲನ್ನು ಎದೆಗವಚಿಕೊಂಡು ನಿಂತಿದ್ದ ಪಾಸ್ಟರನ ಬಾಯಿಗೆ ಯಾರದೋ ಮೊಣಕೈ ಬಡಿದು ತುಟಿ ಒಡೆಯಿತು. ಬೆವರುವ ಪ್ರಾಣಿ ಅಂದೆನಲ್ಲ, ಅವನು ಆವತ್ತು ಬೆವರಲಿಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟು, ಜಜ್ಜುತ್ತಿದ್ದವನ ಕೈ ಕೆಳಗೆ ಹೋಗಿ ರೂಬೇನನ ಮೇಲೆ ಅಡ್ಡ ಬಿದ್ದ. ಬೆನ್ನ ಮೇಲೆ ನಾಲ್ಕು ಒದೆ ತಿಂದ. ಐದನೆಯದು ಬೀಳುವ ಮೊದಲು ಒದೆಯುವವನಿಗೆ ತಾನು ಒದೆಯುತ್ತಿರುವುದು ಪಾಸ್ಟರನನ್ನು ಎಂದು ಗೊತ್ತಾಗಿ ಕಾಲು ನಿಂತಿತು. ಗದ್ದಲವೂ ನಿಂತಿತು.

ಪಾಸ್ಟರ್ ಎದ್ದು ಬಟ್ಟಲನ್ನು ಕೈಗೆತ್ತಿಕೊಂಡ. ಬಟ್ಟಲಿನಲ್ಲಿ ಇನ್ನೂ ಅರ್ಧ ರಸವಿತ್ತು.

"ತಪ್ಪು ನಂದು," ಎಂದ. "ಹೊಯ್ತೀನಿ ಅಂದಾವ ನಾನೇ." ಆಮೇಲೆ ಮೊಣಕಾಲೂರಿ, ಒಂದು ಕೈಯಿಂದ ರೂಬೇನನ ಕತ್ತು ಎತ್ತಿ, ಬಟ್ಟಲನ್ನು ಅವನ ತುಟಿಗೆ ಹಚ್ಚಿದ. ರೂಬೇನ ಕುಡಿದ. ಗಂಟಲು ಎರಡು ಸಲ ಏರಿಳಿದದ್ದನ್ನು ಎಲ್ಲರೂ ನೋಡಿದರು. ಅವನ ಬಾಯಿಯ ರಕ್ತ ಬಟ್ಟಲಿನ ಅಂಚಿಗೆ ಹತ್ತಿತು, ಪಾಸ್ಟರ್ ಅದನ್ನು ಬಟ್ಟೆಯಿಂದ ಒರೆಸಿದ.

"ಈಗ ನನಗ ಕೊಡು," ಎಂದಳು ಸಾರಮ್ಮ. "ಆಗ ಕೊಟ್ಟದ್ದು ಲೆಕ್ಕಕ್ಕ ಹಿಡಿಯೂದಿಲ್ಲ. ಅವ ಕುಡದದ್ದು ಕೊಡು." ಅವಳು ಕುಡಿದು ಬಾಯಿ ಒರೆಸಿಕೊಂಡು ಕೂತಳು.

ಹಮಾಲರು ಇಸ್ರೇಲಪ್ಪನನ್ನು ಎಬ್ಬಿಸಿಕೊಂಡು ಹೊರಗೆ ನಡೆದರು. ಅವರ ಹಿಂದೆ ಅರ್ಧಕ್ಕಿಂತ ಹೆಚ್ಚು ಜನ ಹೋದರು. ಉಳಿದವರಲ್ಲಿ ಕೆಲವರು ಒಬ್ಬೊಬ್ಬರಾಗಿ ಮತ್ತೆ ಸಾಲಿಗೆ ಬಂದು ಮೊಣಕಾಲೂರಿದರು. ಸಾಲಿನಲ್ಲಿ ಮೊದಲು ಇದ್ದವಳು ಸುಗುಣಮ್ಮ.

ಬಟ್ಟಲು ಅವಳ ಬಾಯಿಯ ಹತ್ತಿರ ಬಂತು. ಅವಳ ಬಾಯಿ ತೆರೆಯಲಿಲ್ಲ.

ತಮ್ಮನಿಗೆ ರೋಗವಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಕಚ್ಚಿ ಬಿಟ್ಟ ರೊಟ್ಟಿ ತಿಂದು ಅವನನ್ನು ಸಾಕಿದವಳು ಅವಳು. ಅವನಿಗಾಗಿ ಕುಡುಗೋಲು ಎತ್ತಿದವಳು, ಕಲ್ಲು ತಿಂದವಳು, ಕಿವಿ ಕಚ್ಚಿದವಳು. ಅದೆಲ್ಲ ಇದ್ದೂ ಆ ಗಳಿಗೆ ಅವಳ ಕಣ್ಣಿಗೆ ಲಾಡ್ಜಿನ ಕೋಣೆ ಬಂತು, ಹಾಸಿಗೆ ಬಂತು, ಹಲ್ಲು ಬಿಗಿದುಕೊಂಡವು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಗೋಡೆಗೆ ಒರಗಿ ಕೂತಿದ್ದ ರೂಬೇನನಿಗೆ ಗೊತ್ತಾಯಿತು.

"ಬ್ಯಾಡಾದ್ರ ಬಿಡಕ್ಕಾ," ಎಂದ, ಮೆಲ್ಲಗೆ. "ನಾ ಏನೂ ಅನ್ಕೊಳ್ಳಾಂಗಿಲ್ಲ."

ಅವನು ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದಳು. ಅವಳು ಪಾಸ್ಟರನ ಕೈಯಿಂದ ಬಟ್ಟಲು ಕಸಿದುಕೊಂಡು, ಕಣ್ಣೀರು ಸುರಿಸುತ್ತಾ, ತಳದ ಹನಿಯವರೆಗೂ ಗಟಗಟ ಕುಡಿದಳು.

"ಸುಗುಣಮ್ಮಾ, ಹಿಂದ ಇನ್ನಾ ಮಂದಿ ಅದಾರ," ಎಂದ ಪಾಸ್ಟರ್ ಗಾಬರಿಯಿಂದ.

ಅವಳಿಗೆ ಅದು ಕೇಳಿಸಲಿಲ್ಲ. ಬರಿದಾದ ಬಟ್ಟಲನ್ನು ಹಿಡಿದುಕೊಂಡು ತಮ್ಮನ ಮುಂದೆ ಹೋಗಿ ಕೂತಳು. "ಮಾಫಿ ಮಾಡೋ," ಎಂದಳು. ಹುಟ್ಟಿದಾಗಿನಿಂದ ಆ ಮಾತನ್ನು ಅವಳು ಯಾರಿಗೂ ಅಂದವಳಲ್ಲ.

ರೂಬೇನ ಸೊಟ್ಟ ಬೆರಳುಗಳನ್ನು ಚಾಚಿ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡ. ಪಾಸ್ಟರ್ ಕಡೆ ತಿರುಗಿ, "ರಸ ಇದ್ದರ ಇನ್ನಷ್ಟು ತರ್ರಿ," ಎಂದ. "ಮಂದಿ ಕಾಯಾಕತ್ತಾರ."